ಅಣ್ಣನ ಬಿಳಿ ಚಿತ್ರಗಳು

ಅಣ್ಣನ ಚಿತ್ರಗಳನ್ನೆಲ್ಲ ಒಂದೇ ಕಡೆ ಕೂಡಿಸಿ ಬೆಳಗಾವಿಯಲ್ಲಿ ದೊಡ್ಡ ಪ್ರದರ್ಶನ ಮಾಡುತ್ತಾರಂತೆ ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಫೋನಿನಲ್ಲಿ ಹೇಳಿದಾಗ ನಾನು ಒಲೆಯ ಮುಂದಿದ್ದೆ. ಹುಡುಗನಾಗಿದ್ದಾಗ ಬಿಡಿಸಿದ್ದರಿಂದ ಹಿಡಿದು ಕೊನೆಗೆ ಬಿಡಿಸಿದ್ದರವರೆಗೆ ಎಲ್ಲವನ್ನೂ ಸಾಲಾಗಿ ತೂಗುಹಾಕುತ್ತಾರಂತೆ. ಇಂಥದ್ದನ್ನು ಸತ್ತ ಮೇಲೆ ಮಾಡುತ್ತಾರಲ್ಲವೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಚಲೋ ಆತು ಬಿಡ್ರಿ ಎಂದೆ. ವೈನಿಯ ದನಿಯಲ್ಲೂ ಸಂಭ್ರಮವೇನಿರಲಿಲ್ಲ. ಅಣ್ಣ ಕುಂಚ ಮುಟ್ಟಿ ಮೂರು ವರ್ಷದ ಮೇಲಾಗಿತ್ತು. ಅವನಿಗೆ ಕಂಪವಾತ. ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಇಡೀ ಕೈ, ಈಗ ಗದ್ದವೂ ನಡುಗುತ್ತದೆ. ಚಹಾದ ಕಪ್ಪನ್ನು ವೈನಿಯೇ ಅವನ ತುಟಿಗೆ ಹಿಡಿಯಬೇಕು.

ಅವರಿಬ್ಬರು ಇರುವುದು ಬೆಳಗಾವಿಯ ಅಂಚಿನ ಮಚ್ಛೆಯಲ್ಲಿ. ನಾನಿರುವುದು ಖಾನಾಪುರದಲ್ಲಿ, ಒಬ್ಬಳೇ. ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಮದುವೆಯಾಗಲಿಲ್ಲ. ಮಚ್ಛೆಯ ಮನೆ ಸಣ್ಣದು, ಮಳೆಗಾಲದಲ್ಲಿ ಗೋಡೆ ಹಸಿಯಾಗುತ್ತದೆ. ಹಾಗಾಗಿ ಅಣ್ಣನ ಹಳೆಯ ಚಿತ್ರಗಳೆಲ್ಲ ನನ್ನಲ್ಲೇ ಉಳಿದಿದ್ದವು. ಅವನ್ನು ಒಯ್ಯಲು ಪ್ರದರ್ಶನದ ಹೊಣೆ ಹೊತ್ತವಳು ಒಂದು ದಿನ ಬಂದಳು. ಬೆಳಗಾವಿಯ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಮೂವತ್ತರ ಆಸುಪಾಸಿನವಳು, ಮಾತು ಕಡಿಮೆ, ನೋಡುವುದು ಹೆಚ್ಚು. ಗೋಡೆಯ ಮೇಲಿನ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಪರಕಾರ ಪೋಲಕ ತೊಟ್ಟ ಹುಡುಗಿಯೊಬ್ಬಳು ಹೊಸ್ತಿಲ ಮೇಲೆ ಕೂತು ಮೆಂತೆ ಪಲ್ಯೆ ಸೋಸುತ್ತಿರುವ ಚಿತ್ರ ಅದು. ಯಾರು ಎಂದು ಕೇಳಿದಳು. ನಾನೇ ಎಂದೆ. ಚಿತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ಆಗ ಇನ್ನೂ ನನಗೆ ಆಗಿರಲಿಲ್ಲ ಎಂದು ನಾನೇ ಹೇಳಿದೆ. ಜನ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುವುದನ್ನು ನೋಡಲಾರದೆ, ಕೇಳುವ ಮೊದಲೇ ಹೇಳಿಬಿಡುವುದು ನನಗೆ ರೂಢಿಯಾಗಿದೆ.

ನನ್ನ ಮೈಗೆ ತೊನ್ನು. ಈಗ ಬಹುತೇಕ ಎಲ್ಲ ಬೆಳ್ಳಗಾಗಿದೆ. ಹುಟ್ಟಿದಾಗಿನ ಕಂದು ಬಣ್ಣ ಅಲ್ಲೊಂದು ಇಲ್ಲೊಂದು ಕಡೆ ಉಳಿದು, ಅದೇ ಕಲೆಯಂತೆ ಕಾಣುತ್ತದೆ.

ಅಪ್ಪ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕಿದ್ದ. ಅವನ ಉಗುರಿನ ಸಂದಿಯ ಕೆಂಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವ್ವನ ತವರಿನಲ್ಲಿ ಮರಾಠಿ, ಅಪ್ಪನದು ಕನ್ನಡ. ನಾವು ಎರಡನ್ನೂ ಕಲಸಿ ಮಾತಾಡುತ್ತ ಬೆಳೆದೆವು. ಒಡೆದ ಹೆಂಚಿನ ಚೂರುಗಳು ಅಪ್ಪನ ಜೇಬಿನಲ್ಲಿ ಮನೆಗೆ ಬರುತ್ತಿದ್ದವು. ಅಣ್ಣ ಅವುಗಳಿಂದ ಅಂಗಳದ ಪರಸಿಗಲ್ಲಿನ ಮೇಲೆ ಎಮ್ಮೆ, ರೈಲು, ಬೀಡಿ ಸೇದುವ ಅಪ್ಪ, ಕಂಡದ್ದನ್ನೆಲ್ಲ ಬಿಡಿಸುತ್ತಿದ್ದ. ಮರುದಿನ ಅವ್ವ ನೀರು ಹಾಕಿ ಗುಡಿಸಿದರೆ ಎಲ್ಲ ಹೋಗುತ್ತಿತ್ತು. ಅದಕ್ಕೆ ಅವನು ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ಮೆಟ್ರಿಕ್ ಮುಗಿದ ಮೇಲೆ ಬೆಳಗಾವಿಯ ಚಿತ್ರಕಲಾ ಶಾಲೆಗೆ ಸೇರಿದ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಮನುಷ್ಯರನ್ನು ಎದುರಿಗೆ ಕೂಡಿಸಿಕೊಂಡು ಬರೆದು ರೂಢಿ ಮಾಡಿಕೊಳ್ಳಬೇಕೆಂದು ಅಲ್ಲಿ ಹೇಳುತ್ತಿದ್ದರಂತೆ. ತಾಸುಗಟ್ಟಲೆ ಸುಮ್ಮನೆ ಕೂಡುವವರು ಯಾರು ಸಿಗಬೇಕು? ಅಪ್ಪನಿಗೆ ಕಾರ್ಖಾನೆ, ಅವ್ವನಿಗೆ ಮನೆಗೆಲಸ. ಅವನಿಗಿಂತ ಐದಾರು ವರ್ಷ ಸಣ್ಣವಳಾದ ನಾನು ಸಿಕ್ಕೆ. ರವಿವಾರ ಬಂದರೆ ಸಾಕು, ಬೆಳಕು ಚೆನ್ನಾಗಿ ಬೀಳುವ ಕಡೆ ನನ್ನನ್ನು ಕೂಡಿಸಿ, ಅಳ್ಳಾಡಬ್ಯಾಡ ಎಂದು ಗದರಿ ಶುರು ಮಾಡುತ್ತಿದ್ದ. ಮೂಗಿನ ಮೇಲೆ ನೊಣ ಕೂತರೂ ಅಲುಗದಿರುವುದನ್ನು ನಾನು ಕಲಿತೆ. ನಾನೇನೂ ಚೆಲುವೆಯಲ್ಲ. ಆದರೂ ಅವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಆ ಹೊತ್ತಿನಲ್ಲಿ ನನ್ನ ಕಿವಿ, ನನ್ನ ಮೊಣಕೈ, ಕಾಲಿನ ಹೆಬ್ಬೆರಳು ಎಲ್ಲವೂ ನೋಡತಕ್ಕವು ಅನ್ನಿಸುತ್ತಿತ್ತು. ಆಮೇಲೆ ಜೀವನದಲ್ಲಿ ಬೇರೆ ಯಾರೂ ನನ್ನನ್ನು ಹಾಗೆ ನೋಡಲಿಲ್ಲ.

ಹದಿನೇಳರಲ್ಲಿ ಎಡಗೈಯ ಮಣಿಕಟ್ಟಿನ ಹತ್ತಿರ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿತು. ಅವ್ವ ಚಿಬ್ಬು ಎಂದುಕೊಂಡು ಏನೋ ಸೊಪ್ಪು ಅರೆದು ಹಚ್ಚಿದಳು. ಮಳೆಗಾಲ ಕಳೆಯುವುದರೊಳಗೆ ಮೊಣಕೈ ಒಳಮಗ್ಗುಲಿಗೆ ಇನ್ನೊಂದು, ಕೊರಳಿಗೆ ಮತ್ತೊಂದು. ಬೆಳಗಾವಿಯ ಡಾಕ್ಟರು ನೋಡಿ, ಇದು ಅಂಟುವ ರೋಗವಲ್ಲ, ಜೀವಕ್ಕೇನೂ ಆಗುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕನ್ನಡದಲ್ಲಿ ತೊನ್ನು ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ಮರಾಠಿಯಲ್ಲಿ ಕೋಡ ಎನ್ನಲೂ ಬರುತ್ತಿರಲಿಲ್ಲ. ಕೊನೆಯವರೆಗೂ ‘ಅದು’ ಎಂದೇ ಕರೆದಳು. ಯಾರೋ ಹೇಳಿದರೆಂದು ಬಾವಂಚಿ ಎಣ್ಣೆ ಹಚ್ಚಿ ನನ್ನನ್ನು ಹಿತ್ತಲಿನ ಬಿಸಿಲಿನಲ್ಲಿ ಕೂಡಿಸುತ್ತಿದ್ದಳು. ಚರ್ಮ ಸುಟ್ಟು ಗುಳ್ಳೆ ಏಳುತ್ತಿದ್ದವು. ಗುಳ್ಳೆ ಒಡೆದು ಮಾಯ್ದ ಮೇಲೆ ಅಲ್ಲಿ ಕಂದು ಚುಕ್ಕೆಯೊಂದು ಮೂಡಿದರೆ ಇಡೀ ಮನೆಗೆ ಹಬ್ಬ. ಕೆಲವು ದಿನಕ್ಕೆ ಅದೂ ಬಿಳಿಯೊಳಗೆ ಮುಳುಗುತ್ತಿತ್ತು.

ಆ ಹೊತ್ತಿನಲ್ಲೇ ಅಣ್ಣ ನನ್ನ ದೊಡ್ಡ ಚಿತ್ರವೊಂದನ್ನು ಬರೆದ. ಮೊದಲ ಸಲ ಎಣ್ಣೆ ಬಣ್ಣದಲ್ಲಿ. ಸೀರೆ ಉಟ್ಟು, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದೆ. ಎದುರಿಗಿದ್ದ ಕೈಯಲ್ಲಿ ಆಗ ಎರಡು ಕಲೆ ಎದ್ದು ಕಾಣುತ್ತಿದ್ದವು. ಬರೆದು ಮುಗಿಸಿ ತೋರಿಸಿದಾಗ ನೋಡಿದರೆ ತೋಳಿನ ತುಂಬ ಒಂದೇ ಗೋಧಿ ಬಣ್ಣ. ನಾನು ಎಷ್ಟು ಹಿಗ್ಗಿದೆನೆಂದರೆ, ಅದನ್ನು ಬಗ್ಗಿ ಮೂಸಿ ನೋಡಿದ್ದೆ. ಅವ್ವ ಅದನ್ನು ಬಾಗಿಲಿಗೆ ಎದುರಾಗಿ, ಒಳಗೆ ಕಾಲಿಟ್ಟ ಕೂಡಲೇ ಕಾಣುವ ಹಾಗೆ ತೂಗುಹಾಕಿದಳು. ಯಾಕೆಂದು ನಮಗೆಲ್ಲ ಗೊತ್ತಿತ್ತು.

ಕನ್ಯಾ ನೋಡಲು ಬೆಳಗಾವಿಯಿಂದ ಬಂದರು. ಹುಡುಗ ಕಾರಕೂನ ಕೆಲಸದಲ್ಲಿದ್ದ, ತಲೆ ಎತ್ತಲಿಲ್ಲ. ಅವನ ತಾಯಿ ಒಳಗೆ ಬಂದವಳೇ ಚಿತ್ರ ನೋಡಿ ಬಹಳ ಮೆಚ್ಚಿದಳು. ಮೂಗು ಲಕ್ಷಣವಾಗಿದೆ ಎಂದಳು. ನಾನು ಉದ್ದ ತೋಳಿನ ಜಂಪರು ತೊಟ್ಟು, ಕೊರಳಿಗೆ ಸೆರಗು ಹೊದ್ದು ಅವಲಕ್ಕಿ ಕೊಡಲು ಬಂದೆ. ಅವಳ ಕಣ್ಣು ನನ್ನ ಮಣಿಕಟ್ಟಿನ ಮೇಲೆ ನಿಂತಿತು. ತೋಳು ಏರಿಸು ನೋಡೋಣ ಎಂದಳು. ಗಟ್ಟಿಯಾಗಿ ಕೂಡ ಹೇಳಲಿಲ್ಲ. ನಾನು ಅವ್ವನನ್ನು ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ತೋಳು ಏರಿಸಿದೆ. ಆಕೆ ಒಮ್ಮೆ ಕೈ ನೋಡಿ, ಒಮ್ಮೆ ಗೋಡೆ ನೋಡಿ ಹೇಳಿದಳು:

‘ಚಿತ್ರದಾಗ ಒಂದ ಐತಿ, ಖರೇ ಒಂದ ಐತಿ. ಬರದಾವಂಗ ಕಣ್ಣ ಇಲ್ಲೇನ?’

ಬರೆದವನು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಚಹಾ ಅರ್ಧಕ್ಕೇ ಬಿಟ್ಟು ಅವರು ಎದ್ದರು. ಮರುದಿನ ಆ ಚಿತ್ರ ಗೋಡೆಯ ಮೇಲಿರಲಿಲ್ಲ. ಅಣ್ಣ ಅದನ್ನು ಏನು ಮಾಡಿದನೆಂದು ಯಾರೂ ಕೇಳಲಿಲ್ಲ.

ಅವತ್ತಿನಿಂದ ಅವನು ನನ್ನನ್ನು ಎದುರಿಗೆ ಕೂಡು ಎನ್ನಲಿಲ್ಲ. ರವಿವಾರಗಳು ಬಂದವು, ಹೋದವು. ಒಂದು ರವಿವಾರ ನಾನೇ ತಲೆ ಬಾಚಿಕೊಂಡು ಬೆಳಕು ಬೀಳುವ ಜಾಗದಲ್ಲಿ ಹೋಗಿ ಕೂತೆ. ಅಣ್ಣ ಒಳಗಿನಿಂದ ಬಂದು, ನನ್ನನ್ನು ನೋಡಿ, ಚೀಲ ಹೆಗಲಿಗೇರಿಸಿ ಹೊರಗೆ ನಡೆದ. ನನಗೆ ಅರ್ಥವಾಯಿತು ಎಂದುಕೊಂಡೆ. ನನ್ನನ್ನು ನೋಡಲು ಇವನಿಗೂ ಆಗುತ್ತಿಲ್ಲ. ಊರಿನವರೆಲ್ಲ ಹಾಗೆ ಮಾಡಿದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಕೇಳಿ ನೋಡಬಹುದಿತ್ತು. ಆ ಮನೆಯಲ್ಲಿ ಅಂಥದ್ದನ್ನು ಕೇಳುವ ರೂಢಿಯಿರಲಿಲ್ಲ.

ನಾನು ಓದಿ ಶಿಕ್ಷಕಿಯಾದೆ. ಬೇಸಿಗೆಯಲ್ಲೂ ಮಣಿಕಟ್ಟಿನವರೆಗಿನ ತೋಳಿನ ಜಂಪರು. ನನ್ನವನ್ನು ನಾನೇ ಹೊಲಿದುಕೊಂಡೆ. ಹಲಗೆಯ ಮೇಲೆ ಬರೆಯುವಾಗ ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿತ್ತು. ಪಾಠ ಮುಗಿದ ಮೇಲೂ ನಾನು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ. ಬಿಳಿ ಟೀಚರ ಎಂದು ಹುಡುಗರು ಬೆನ್ನ ಹಿಂದೆ ಕರೆಯುತ್ತಿದ್ದರು. ಅವರಿಗೆ ವ್ಯಾಕರಣ ಚೆನ್ನಾಗಿ ಬರುವಂತೆ ಮಾಡಿದ್ದೇನೆ, ಅಷ್ಟು ಸಮಾಧಾನವಿದೆ.

ಅಣ್ಣನಿಗೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನೌಕರಿ ಸಿಕ್ಕಿತು. ಎರಕದ ಅಚ್ಚುಗಳಿಗೆ ನಕ್ಷೆ ಬರೆಯುವ ಕೆಲಸ. ಮದುವೆಯಾಗಿ ಮಚ್ಛೆಯಲ್ಲಿ ಮನೆ ಮಾಡಿದ. ಅವರಿಗೆ ಮಕ್ಕಳಾಗಲಿಲ್ಲ. ಕೆಲಸ ಮುಗಿಸಿ ಬಂದು ಮುಂದಿನ ಕೋಣೆಯಲ್ಲಿ ಬರೆಯುತ್ತ ಕೂಡುತ್ತಿದ್ದ. ಮೊದಮೊದಲು ಕುಲುಮೆಯ ಚಿತ್ರಗಳು, ಆಮೇಲೆ ಕಂದು ಮತ್ತು ಬಿಳಿಯ ದೊಡ್ಡ ದೊಡ್ಡ ಚಿತ್ರಗಳು. ನಾನು ಮಚ್ಛೆಗೆ ಹೋದಾಗ ಒಂದೋ ಎರಡೋ ಮಂಚಕ್ಕೆ ಒರಗಿಸಿಟ್ಟು ಒಣಗುತ್ತಿರುತ್ತಿದ್ದವು. ಸುಣ್ಣ ಉದುರಿದ ಮಣ್ಣಿನ ಗೋಡೆ ಎಂದುಕೊಂಡಿದ್ದೆ. ಒಮ್ಮೆ ಹಾಗಂತ ಅವನಿಗೆ ಹೇಳಿಯೂ ಇದ್ದೆ. ಅವನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಚಿತ್ರಗಳಿಂದಲೇ ಅವನಿಗೆ ಹೆಸರು ಬಂತು. ಪುಣೆ, ಮುಂಬಯಿ, ಬೆಂಗಳೂರಿನಿಂದ ಜನ ಬಂದು ಒಯ್ದರು. ಪೇಪರಿನಲ್ಲಿ ಬಂದದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ.

ಪ್ರದರ್ಶನದ ಮೊದಲ ದಿನ ಸಂಜೆ ನಾವು ಮೂವರೂ ಮಚ್ಛೆಯಿಂದ ಆಟೋದಲ್ಲಿ ಹೋದೆವು. ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದೆವು. ವೇದಿಕೆಯ ಮೇಲೆ ಕೂತವನು ನಡುಗುವ ಬಲಗೈಯನ್ನು ಎಡಗೈಯಿಂದ ತೊಡೆಗೆ ಒತ್ತಿ ಹಿಡಿದುಕೊಂಡಿದ್ದ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಭಾಷಣವಾಯಿತು. ಹೊರಗಿನಿಂದ ಬಂದ ಕಲಾ ವಿಮರ್ಶಕರೊಬ್ಬರು ಮಾತಾಡುತ್ತ, ಈ ಕಂದು ನಮ್ಮ ಜಂಬಿಟ್ಟಿಗೆ ಕಲ್ಲಿನ ನೆಲ, ಈ ಬಿಳಿ ಘಟ್ಟದಿಂದ ಇಳಿದು ಬರುವ ಮಂಜು, ಎರಡು ಭಾಷೆ ಕೂಡುವ ಸೀಮೆಯ ನಕಾಶೆಯನ್ನೂ ಇಲ್ಲಿ ಕಾಣಬಹುದು ಎಂದರು. ಚೆನ್ನಾಗಿ ಮಾತಾಡಿದರು. ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ನೋಡಲು ಹೊರಟೆ. ಮೂರು ಕೋಣೆಗಳಲ್ಲಿ ವರ್ಷದ ಕ್ರಮದಲ್ಲಿ ಹಾಕಿದ್ದರು. ಮೊದಲನೆಯ ಕೋಣೆಯ ತುಂಬ ನಾನು. ಜಡೆ ಹಾಕಿಕೊಳ್ಳುವ ನಾನು, ಜ್ವರ ಬಂದು ಮಲಗಿದ ನಾನು, ಪುಸ್ತಕದ ಮೇಲೆ ತೂಕಡಿಸುವ ನಾನು. ಬಂದವರು ನನ್ನ ಪಕ್ಕದಲ್ಲೇ ನಿಂತು ಆ ಹುಡುಗಿಯನ್ನು ನೋಡಿದರು. ಯಾರಿಗೂ ಗುರುತು ಸಿಗಲಿಲ್ಲ.

ಎರಡನೆಯ ಕೋಣೆ ಪೂರ್ತಿ ಫೌಂಡ್ರಿ. ಕಪ್ಪು, ಬೂದು, ನಡುವೆ ಕರಗಿದ ಲೋಹದ ಕಿತ್ತಳೆ ಬಣ್ಣ. ಅದೆಷ್ಟೋ ಮಂದಿ ಕೆಲಸಗಾರರು. ಒಬ್ಬನದೂ ಮುಖ ಕಾಣಲಿಲ್ಲ. ಬೆನ್ನು ತಿರುಗಿಸಿದ್ದರು, ಇಲ್ಲವೆ ಬಗ್ಗಿದ್ದರು, ಇಲ್ಲವೆ ಹೊಗೆಯೊಳಗಿದ್ದರು. ಮೊದಲ ಕೋಣೆಯಲ್ಲಿ ಅಷ್ಟು ಮಮತೆಯಿಂದ ಮೂಗು ತುಟಿ ತಿದ್ದಿದವನು ಇಲ್ಲಿ ಮುಖಗಳನ್ನು ಎಲ್ಲಿ ಕಳೆದುಕೊಂಡ ಎಂದು ಯೋಚಿಸುತ್ತ ಮೂರನೆಯ ಕೋಣೆಗೆ ದಾಟಿದೆ.

ಅಲ್ಲಿ ಬಾಗಿಲ ಪಕ್ಕದಲ್ಲಿದ್ದುದು ಸಣ್ಣ ಚಿತ್ರ. ಇಡೀ ಚೌಕ ಗೋಧಿಗೆಂಪು. ಕೆಳಗಡೆ ಎಡಕ್ಕೆ ಒಂದು ಬಿಳಿ, ಎಲೆಯನ್ನು ಹುಳ ಎರಡು ಕಡೆ ಕಚ್ಚಿ ತಿಂದ ಹಾಗೆ. ಅದರ ಹೊಟ್ಟೆಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮುಂದಿನ ಚಿತ್ರದಲ್ಲಿ ಅದೇ ಎಲೆ, ಸ್ವಲ್ಪ ದೊಡ್ಡದು. ಮೇಲ್ಗಡೆ ಹೊಸದೊಂದು ಬಿಳಿ, ಉದ್ದಕ್ಕೆ, ಮೀನಿನ ಹಾಗೆ. ಅದರ ಮುಂದಿನದರಲ್ಲಿ ಎಲೆಯೂ ಮೀನೂ ಕೂಡಿಕೊಂಡು ನಡುವೆ ಕಂದಿನ ಸಣ್ಣ ಕೊಲ್ಲಿ ಉಳಿದಿತ್ತು.

ಆ ಎಲೆ ನನ್ನ ಎಡ ಮೊಣಕೈಯ ಒಳಮಗ್ಗುಲಿನದು. ಆ ಮೀನು ಅದರ ಮೇಲಿನದು. ಅವೆರಡೂ ಕೂಡಿದ್ದು ಅವ್ವ ತೀರಿಕೊಂಡ ವರ್ಷ. ನನ್ನ ಕಲೆಗಳ ದಂಡೆಗಳು ನನಗೆ ಊರ ಓಣಿಗಳಷ್ಟು ಗೊತ್ತು. ಎಷ್ಟು ವರ್ಷ, ಬೆಳಿಗ್ಗೆ ಸ್ನಾನದ ಮನೆಯಲ್ಲಿ, ನಿನ್ನೆಗಿಂತ ಮುಂದೆ ಬಂದಿದೆಯೇ ಎಂದು ಬೆರಳಿನಿಂದ ಅವುಗಳ ಅಂಚು ಮುಟ್ಟಿ ನೋಡಿದ್ದೇನೆ. ಕೋಣೆಯ ಗೋಡೆಗುಂಟ ನಡೆದೆ. ಒಂದೊಂದು ಚಿತ್ರ ದಾಟಿದ ಹಾಗೆ ಬಿಳಿ ಹಬ್ಬುತ್ತ ಹೋಯಿತು, ನನ್ನಲ್ಲಿ ಹಬ್ಬಿದ ಹಾಗೆಯೇ, ಅದೇ ದಿಕ್ಕಿಗೆ. ಕಟ್ಟಕಡೆಯದು ನನಗಿಂತ ಎತ್ತರದ ಚಿತ್ರ. ಎಲ್ಲ ಬಿಳಿ, ಒಂದು ಮೂಲೆಯಲ್ಲಿ ನಾಲ್ಕಾರು ಕಂದು ಹನಿ. ಅಣ್ಣನ ಕೈ ನಡುಗಲು ಶುರುವಾದ ಮೇಲಿನದಿರಬೇಕು, ಆ ಹನಿಗಳ ಅಂಚು ಕದಡಿತ್ತು.

ಗುಂಪಿಗೆ ಬೆನ್ನು ಮಾಡಿ, ಗುಂಡಿ ಬಿಚ್ಚಿ ಎಡತೋಳನ್ನು ಮೇಲೆ ಸರಿಸಿದೆ. ನೋಡಿ, ಮತ್ತೆ ಇಳಿಸಿದೆ. ಪಕ್ಕದಲ್ಲಿದ್ದ ಗಂಡ ಹೆಂಡತಿ ಮಂಜಿನ ವಿಷಯ ಮಾತಾಡಿಕೊಳ್ಳುತ್ತಿದ್ದರು.

ಆ ಸಂಜೆ ಉಳಿದದ್ದು ನನಗೆ ಸರಿಯಾಗಿ ನೆನಪಿಲ್ಲ. ಜನ ಅಣ್ಣನ ಕಾಲು ಮುಟ್ಟುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಮುಖ ನೋಡಿ ವೈನಿ ಬಿಪಿ ಗುಳಿಗೆ ತಗೊಂಡಿಲ್ಲವೇನು ಎಂದು ಕೇಳಿದಳು. ಜೀವನವಿಡೀ ನಾನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡದ್ದನ್ನು ಊರೂರ ಗೋಡೆಗಳ ಮೇಲೆ ಹರವಿದ್ದಾನೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಯಾರಿಗೂ ತಿಳಿದಿಲ್ಲ ಎನ್ನುವುದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ರಾತ್ರಿ ಮಚ್ಛೆಯಲ್ಲೇ ಉಳಿದೆ. ಬೆಳಿಗ್ಗೆ ವೈನಿ ಕಾಯಿಪಲ್ಯೆ ತರಲು ಹೋದಳು. ಅಣ್ಣನಿಗೆ ಚಹಾ ಕುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಗುಟುಕು ಕುಡಿಸಿ, ಕಪ್ಪು ಕೆಳಗಿಟ್ಟು ಕೇಳಿದೆ.

‘ಅಣ್ಣಾ, ಅದು ನನ್ನ ಕೈ ಹೌದಲ್ಲೋ?’

ಈಗೀಗ ಅವನ ದನಿಯೂ ಸಣ್ಣಗಾಗಿದೆ, ಹತ್ತಿರ ಬಗ್ಗಿ ಕೇಳಬೇಕು.

‘ಹೂಂ. ಮೊದಲನೇದು ನೋಡಿದಾಗನ ನಿನಗ ಗುರ್ತ ಸಿಕ್ಕೈತಿ ಅನ್ಕೊಂಡಿದ್ನಿ. ಸಿಕ್ಕರೂ ಸುಮ್ಮನ ಅದಿ ಅನ್ಕೊಂಡಿದ್ನಿ.’

ನನ್ನ ಕೈಯನ್ನು ನೀನು ಯಾವಾಗ ನೋಡಿದೆ ಎಂದು ಕೇಳಿದೆ. ದೀಪಾವಳಿಗೆ, ಯುಗಾದಿಗೆ ನೀನು ನಮ್ಮಲ್ಲಿಗೆ ಬಂದಾಗ, ಭಾಂಡೆ ತಿಕ್ಕಲು ತೋಳು ಮಡಚಿದಾಗ ಎಂದ. ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಪ್ರತಿ ಹಬ್ಬಕ್ಕೂ ಊಟವಾದ ಮೇಲೆ ಅವನು ಅಡಿಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತು, ನಾನು ಭಾಂಡೆ ತಿಕ್ಕಿ ಮುಗಿಸುವವರೆಗೆ ಅದೂ ಇದೂ ಮಾತಾಡುತ್ತಿದ್ದ. ವರ್ಷಕ್ಕೆ ಎರಡೇ ಸಲ ಸಿಗುವ ಆ ಹೊತ್ತಿಗಾಗಿ ನಾನು ಕಾಯುತ್ತಿದ್ದೆ. ಅಕ್ಕರೆಯಿಂದ ಬಂದು ಕೂಡುತ್ತಾನೆ ಎಂದುಕೊಂಡಿದ್ದೆ.

‘ನನ್ನ ಒಂದ ಮಾತ ಕೇಳಬೇಕಿತ್ತು’ ಎಂದೆ.

‘ಕೇಳಿದ್ರ ಬ್ಯಾಡ ಅಂತಿದ್ದಿ.’

‘ಹೌದು. ಬ್ಯಾಡ ಅಂತಿದ್ನಿ.’

ಆಮೇಲೆ ಅವನೇ, ನಡುನಡುವೆ ನಿಲ್ಲಿಸುತ್ತ, ಕನ್ಯಾ ನೋಡಲು ಬಂದವರ ಮಾತು ತೆಗೆದ. ನಾನು ಮರೆತಿದ್ದೇನೆಂದು ಅವನು ತಿಳಿದಿದ್ದನಂತೆ. ಆ ಹೆಂಗಸಿನ ಮೇಲೆ ತನಗೆ ಸಿಟ್ಟಿಲ್ಲ, ಅವಳು ಹೇಳಿದ್ದು ಖರೇ ಎಂದ. ನಿನ್ನ ಕೈಗೆ ಒಂದೇ ಬಣ್ಣ ಬಳಿದವನು ನಾನು, ನೀನು ತೋಳು ಏರಿಸಬೇಕಾಗಿ ಬಂದದ್ದು ನನ್ನ ಚಿತ್ರದಿಂದ ಎಂದ. ಆ ಚಿತ್ರವನ್ನು ಅವನು ಮರುದಿನವೇ ಹೆಂಚಿನ ಭಟ್ಟಿಯ ಬೆಂಕಿಗೆ ಹಾಕಿಸಿದ್ದನಂತೆ, ಅಪ್ಪನ ಕೈಯಿಂದ.

‘ಅವತ್ತಿಂದ ನನಗ ಯಾರದೂ ಮಾರಿ ಬರಿಯಾಕ ಆಗಲಿಲ್ಲ. ಕುಂಚ ಹಿಡದ್ರ ಸುಳ್ಳ ಬರೀತೇನಿ ಅನ್ನೂ ಹೆದರಿಕಿ. ಕಡೀಕ ಒಂದ ಗೊತ್ತಾತು, ಕಂಡದ್ದನ್ನ ಕಂಡಂಗ ಬರಿಯಾಕ ಬರೂದು ನಿನ್ನ ಕೈ ಒಂದ.’

ನನ್ನನ್ನು ನೋಡಲಾರದೆ ಅವನು ಚೀಲ ತೆಗೆದುಕೊಂಡು ಹೋದ ಎಂದು ನಾನು ನಂಬಿದ ವರ್ಷಗಳಲ್ಲೆಲ್ಲ ಅವನು ನನ್ನನ್ನೇ ನೋಡುತ್ತಿದ್ದ. ಅದನ್ನು ಕೇಳಿ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ನಾನು ಹೆಚ್ಚುಕಡಿಮೆ ಬದುಕೆಲ್ಲ ಕಳೆದ ಮೇಲೆ ಈ ಮಾತು ಸಿಕ್ಕಿತು. ಇದೇ ಮಾತು ಇಪ್ಪತ್ತರಲ್ಲಿ ಸಿಕ್ಕಿದ್ದರೆ ನಾನು ಬೇರೆ ಥರ ನಡೆಯುತ್ತಿದ್ದೆನೋ ಏನೋ, ಕನ್ನಡಿಯ ಮುಂದೆ ಬೇರೆ ಥರ ನಿಲ್ಲುತ್ತಿದ್ದೆನೋ ಏನೋ. ಇಷ್ಟೆಲ್ಲ ಅವನಿಗೆ ಹೇಳಲು ನನಗೆ ಆಗಲಿಲ್ಲ. ಗೋಡೆಗೆ ಹೇಳಿದಿ, ನನಗ ಹೇಳಲಿಲ್ಲ ಎಂದಷ್ಟೇ ಅಂದೆ. ಅವನು ಕಣ್ಣು ಮುಚ್ಚಿದ. ಚಹಾ ಆರಿತ್ತು, ಕೆನೆ ಕಟ್ಟಿದ ಆ ಚಹಾವನ್ನೇ ಮತ್ತೆ ಕುಡಿಸಿದೆ. ವೈನಿ ಬಂದ ಮೇಲೆ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೊರಟುಬಿಟ್ಟೆ.

ಪ್ರದರ್ಶನ ಇನ್ನೂ ಕೆಲವು ವಾರ ನಡೆಯಿತು. ನಾನು ಮಚ್ಛೆಗೆ ಹೋಗಲಿಲ್ಲ, ಫೋನ್ ಮಾಡಿದರೂ ವೈನಿಯ ಜೊತೆ ಮಾತ್ರ ಮಾತಾಡಿ ಇಟ್ಟುಬಿಡುತ್ತಿದ್ದೆ. ಮನೆಯಲ್ಲಿ ಒಬ್ಬಳೇ ಇರುವಾಗ ತೋಳು ಮಡಚಿಕೊಂಡು ಕೂತು ಕೈ ನೋಡುವುದು ಒಂದು ಹುಚ್ಚಾಯಿತು. ಚಿತ್ರಗಳಲ್ಲಿ ಅದು ಚೆಂದವಾಗಿತ್ತು, ಅದನ್ನು ಒಪ್ಪಲೇಬೇಕು. ನನ್ನ ಮೇಲೆ ಅದು ಚೆಂದವಾಗಿ ಯಾವತ್ತೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಕೊನೆಯ ದಿನ ನಾನು ಬಂದು ಅಣ್ಣನ ಬಾಲ್ಯದ ಬಗ್ಗೆ ನಾಲ್ಕು ಮಾತಾಡಬೇಕೆಂದು ಪ್ರದರ್ಶನದ ಹೊಣೆ ಹೊತ್ತ ಆ ಹುಡುಗಿ ಕರೆದಳು. ಅವಳಿಗೆ ಇಲ್ಲ ಎನ್ನಲಾಗದೆ ಹೋದೆ. ಅಣ್ಣ ಮುಂದಿನ ಸಾಲಿನಲ್ಲಿ ಕುರ್ಚಿಯಲ್ಲಿದ್ದ. ಇಷ್ಟು ದಿನಗಳಲ್ಲಿ ಇನ್ನಷ್ಟು ಕುಗ್ಗಿದ್ದ. ಅಂಗಿಯ ಕೊರಳಪಟ್ಟಿ ದೊಡ್ಡದಾಗಿ ಕಾಣುತ್ತಿತ್ತು. ಹೆಂಚಿನ ಚೂರು, ಪರಸಿಗಲ್ಲು, ರವಿವಾರಗಳು, ನೊಣ ಎಲ್ಲವನ್ನೂ ಹೇಳಿದೆ. ಜನ ನಕ್ಕರು. ಮಾತು ಮುಗಿದ ಮೇಲೆ ಆ ಹುಡುಗಿ ಎದ್ದು ನಿಂತು, ತನಗೆ ತಿಳಿಯದ ಒಂದು ವಿಷಯವಿದೆ, ಈ ಬಿಳಿ ಚಿತ್ರಗಳು ಎಲ್ಲಿಂದ ಹುಟ್ಟಿದವೆಂದು ಮನೆಯವರಿಗೆ ಏನಾದರೂ ಗೊತ್ತೇ ಎಂದು ಕೇಳಿದಳು. ಅವಳ ಕಣ್ಣು ನನ್ನ ಮುಖದ ಮೇಲಿತ್ತು. ಅವಳಿಗೆ ಗೊತ್ತಾಗಿರಬಹುದು ಎಂದು ಈಗ ಅನ್ನಿಸುತ್ತದೆ.

‘ನನಗ ಅದರಾಗಿಂದು ಏನೂ ತಿಳಿಯಂಗಿಲ್ಲರಿ’ ಎಂದೆ.

ಅಣ್ಣ ತಲೆ ಎತ್ತಿ ನೋಡಿದ. ಅವನು ಏನನ್ನು ಬಯಸಿದ್ದನೋ ಗೊತ್ತಿಲ್ಲ. ಹೌದು, ಅದು ನನ್ನ ಕೈ ಎಂದು ನಾನು ಎಲ್ಲರೆದುರು ಹೇಳುತ್ತೇನೆಂದು ಕಾದಿದ್ದನೇ, ಅಥವಾ ಹೇಳಿಬಿಟ್ಟೇನು ಎಂದು ಹೆದರಿದ್ದನೇ. ನಾನಾದರೂ ಅವನನ್ನು ಕಾಪಾಡಲು ಹಾಗೆಂದೆನೋ, ಶಿಕ್ಷಿಸಲು ಹಾಗೆಂದೆನೋ, ಇಂದಿಗೂ ನಿಶ್ಚಯವಾಗಿಲ್ಲ. ಹೂವಿನ ಗುಚ್ಛ ಕೊಟ್ಟರು. ಕೆಳಗಿಳಿದು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತೆ. ಅವನು ತನ್ನ ಕೈಯನ್ನು ಒತ್ತಿ ಹಿಡಿಯುವುದನ್ನು ಬಿಟ್ಟು, ನಡುಗುವಷ್ಟು ನಡುಗಲಿ ಎಂದು ಸುಮ್ಮನೆ ಬಿಟ್ಟುಕೊಂಡಿದ್ದ.

ಈಗ ವೈನಿಗೆ ಮಂಡಿ ನೋವು ಹೆಚ್ಚಾಗಿ ಓಡಾಡಲು ಆಗುವುದಿಲ್ಲ. ಹಾಗಾಗಿ ಅಣ್ಣನನ್ನು ಬೆಳಗಾವಿಯ ಆಸ್ಪತ್ರೆಗೆ ತೋರಿಸಲು ನಾನೇ ಕರೆದೊಯ್ಯುತ್ತೇನೆ. ಖಾನಾಪುರದಿಂದ ಬಸ್ಸಿನಲ್ಲಿ ಬಂದು ಮಚ್ಛೆಯಲ್ಲಿ ಇಳಿದು, ಅಲ್ಲಿಂದ ಇಬ್ಬರೂ ಆಟೋ ಹಿಡಿಯುತ್ತೇವೆ. ದಾರಿಯಲ್ಲಿ ಮಳೆಯ ಮಾತು, ವೈನಿಯ ಮಂಡಿಯ ಮಾತು ಆಡುತ್ತೇವೆ. ಆ ಮಾತು ಮತ್ತೆ ಬಂದಿಲ್ಲ. ಅವನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದೆನೋ ನನಗೂ ತಿಳಿಯದು. ಇದನ್ನೆಲ್ಲ ಬರೆಯುತ್ತೇನೆ ಎಂದು ಒಮ್ಮೆ ಆಟೋದಲ್ಲಿ ಅವನಿಗೆ ಹೇಳಿದೆ. ಅವನ ತಲೆ ಅಲುಗಿತು. ಹೂಂ ಎಂದನೋ, ಅದು ರೋಗದ ಅಲುಗಾಟವೋ, ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ.

ಪ್ರದರ್ಶನದಿಂದ ಒಂದು ಚಿತ್ರವನ್ನು ಅದೇ ಆಸ್ಪತ್ರೆಯವರು ಕೊಂಡರು. ಅದನ್ನು ಕೆಳಗಿನ ಅಂತಸ್ತಿನಲ್ಲಿ, ರೋಗಿಗಳು ಸರದಿಗಾಗಿ ಕಾಯುವಲ್ಲಿ ಹಾಕಿದ್ದಾರೆ. ಎಲೆಯೂ ಮೀನೂ ಕೂಡಿದ ಚಿತ್ರ. ಅದರ ಕೆಳಗೆ ಉಕ್ಕಿನ ಕುರ್ಚಿಗಳ ಸಾಲು. ಕಾದು ಬೇಸತ್ತವರು ತಲೆ ಹಿಂದಕ್ಕೆ ಒರಗಿಸಿ ಒರಗಿಸಿ, ಗೋಡೆಯ ಮೇಲೆ ಎಣ್ಣೆಯ ಗುರುತುಗಳಾಗಿವೆ. ಮೊದಲ ಸಲ ಹೋದಾಗ ಬೇರೆ ಕಡೆ ಜಾಗವಿರಲಿಲ್ಲ, ಅಲ್ಲೇ ಕೂತೆವು. ಅಣ್ಣ ಕತ್ತು ಹೊರಳಿಸಿ ನೋಡಲು ಪ್ರಯತ್ನಪಟ್ಟ, ಕತ್ತು ಅಷ್ಟು ಹೊರಳಲಿಲ್ಲ. ಎದುರಿನ ಸಾಲಿನಲ್ಲಿದ್ದ ಹಳ್ಳಿಯ ಅಜ್ಜಿಯೊಬ್ಬಳು ಚಿತ್ರವನ್ನೇ ನೋಡುತ್ತಿದ್ದಳು. ಹಾಲು ಉಕ್ಕಿ ಒಲೆಗುಂಟ ಇಳಿದ ಹಾಗಿದೆ ಎಂದು ತನ್ನ ಸೊಸೆಗೆ ಹೇಳಿದಳು. ಸೊಸೆ ಫೋನಿನಿಂದ ಕಣ್ಣು ಎತ್ತಲಿಲ್ಲ.

ಒಳಗಿನಿಂದ ನರ್ಸು ಅಣ್ಣನ ಹೆಸರು ಕೂಗಿದಳು. ಅವನು ಎದ್ದು ನಿಲ್ಲಲು ಹೊತ್ತು ಬೇಕು. ನಾನು ಬಗ್ಗಿ ಅವನ ಎರಡೂ ಕಂಕುಳಲ್ಲಿ ಕೈ ಕೊಟ್ಟು ಎತ್ತಿದೆ. ಅವನ ಭಾರವೆಲ್ಲ ನನ್ನ ತೋಳಿನ ಮೇಲೆ ಬಿತ್ತು. ಹಿಂದಿನವರು ಅವಸರ ಮಾಡುತ್ತಿದ್ದರು. ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಹೋದೆವು.